ಅತ್ತೆಯೊಂದಿಗೆ ಗೋಪುರವಾಸ

ಮನೆ ಕಟ್ಟುವುದಕ್ಕೆ ಎಂಜಿನಿಯರ್ ಬೇಕು, ಹಲ್ಲು ಕೀಳುವುದಕ್ಕೆ ಡಾಕ್ಟರ್ ಬೇಕು. ಆದರೆ ಗುಡ್ಡದ ಊರಿಗೆ ಹೋದಾಗ ಎಲ್ಲಿ ಉಳಿಯಬೇಕೆಂದು ನಿರ್ಧರಿಸುವುದಕ್ಕೆ ನಾನೇ ಬೇಕು! ಇಡೀ ಇಟಲಿಯಲ್ಲಿ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನಿಲ್ಲ ಎಂದು ನಾನು ಘಂಟಾಘೋಷವಾಗಿ ಸಾರಿದಾಗ ನನ್ನ ಹೆಂಡತಿ ನೀವೆಸ್ ಬಟಾಣಿ ಸುಲಿಯುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ರೀ ಎರ್ಮೆತೆ, ನೀವು ಹುಟ್ಟಿದ್ದೂ ಫೆರಾರಾ, ಬೆಳೆದಿದ್ದೂ ಫೆರಾರಾ. ನಮ್ಮೂರಲ್ಲಿರೋ ಅತಿ ದೊಡ್ಡ ಬೆಟ್ಟ ಅಂದ್ರೆ ಶಾಲೆ ಮುಂದಿನ ರಸ್ತೆ ಉಬ್ಬು!"

"ಬೆಟ್ಟ ಸವಿಯೋಕೆ ಬೆಟ್ಟದಲ್ಲೇ ಹುಟ್ಟಬೇಕಾ? ಅಭಿರುಚಿ ಇರ್ಬೇಕು ಕಣೇ, ಅಭಿರುಚಿ!"

ಇದಕ್ಕೆಲ್ಲ ಕಾರಣ ನನ್ನ ಅತ್ತೆ. ಅವರ ಹೆಸರು ಅರ್ಜಿಯಾ. ಹೆಸರು ಕೇಳಿ ಮೋಸಹೋಗಬೇಡಿ. ಅವರು ಅರ್ಜಿ ಹಾಕುವವರಲ್ಲ, ಆಜ್ಞೆ ಹೊರಡಿಸುವವರು. ತಮ್ಮ ಎಂಬತ್ತನೆಯ ಹುಟ್ಟುಹಬ್ಬ ಮೊಂತೆಸ್ಪೀನೊ ಎಂಬ ಗುಡ್ಡದ ಊರಿನಲ್ಲೇ ಆಗಬೇಕೆಂದು ಆಜ್ಞೆಯಾಯಿತು. ನನ್ನ ಮಾವ ಬದುಕಿದ್ದಾಗ, ಅಂದರೆ ಇನ್ನೂ ನನ್ನ ಮಾವ ಆಗುವ ಮೊದಲು, ಅತ್ತೆಯನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದು ಆ ಊರಿನಲ್ಲಂತೆ.

ನೀವೆಸ್‌ಳ ಅಣ್ಣ ಲೆಯಾರ್ಕೊ ಕೂಡಲೇ ಇಡೀ ಬಳಗಕ್ಕೆ ಹೋಟೆಲ್ ಗೊತ್ತುಮಾಡಿದ. ಎಲ್ಲಿ? ಕೋಟೆಗೋಡೆಯ ಹೊರಗೆ, ಗುಡ್ಡದ ಬುಡದಲ್ಲಿ, ಪೆಟ್ರೋಲ್ ಬಂಕಿನ ಪಕ್ಕದಲ್ಲಿ! ಲಿಫ್ಟ್ ಇದೆಯಂತೆ. ತೋಟದಲ್ಲಿ ದ್ರಾಕ್ಷಿ ಚಪ್ಪರವಿದೆಯಂತೆ. ಅದರ ಕೆಳಗೆ ಹುಟ್ಟುಹಬ್ಬದ ಊಟವಂತೆ.

"ನಿಮ್ಮಣ್ಣ ಸಮುದ್ರಕ್ಕೆ ಹೋಗಿ ತಂಬಿಗೆಯಲ್ಲಿ ಸ್ನಾನ ಮಾಡೋ ಜಾತಿ. ನಾವು ಕೋಟೆ ಒಳಗೆ, ತುತ್ತತುದಿಯ ಗೋಪುರದಲ್ಲಿ ಇರೋಣ. ಫೋಟೋ ನೋಡು! ಈ ಕಿಟಕಿ ನೋಡು! ಕಿಟಕಿಯಾಚೆಗಿನ ಕಣಿವೆ ನೋಡು!"

"ಅಮ್ಮನ ಮಂಡಿ ನೋಡಿ" ಎಂದಳು ನೀವೆಸ್.

"ಮನೆಯೊಡತಿ ಎರ್ಸಿಲಿಯಾ ಫೋನಲ್ಲೇ ಹೇಳಿದಾಳೆ. ಕೋಟೆ ಬಾಗಿಲಿಂದ ಇಲ್ಲೇ ನಾಲ್ಕು ಹೆಜ್ಜೆಯಂತೆ!"

ಕೋಟೆ ಬಾಗಿಲು ತಲುಪಿದೆವು. ನಮ್ಮ ಕಾರು ಒಳಗೆ ತೂರಲಾರದು, ತೂರಿದರೂ ಪೊಲೀಸರು ಬಿಡರು. ಎರ್ಸಿಲಿಯಾ ಬೀಗದ ಕೈಯನ್ನು ಬಾಗಿಲ ಬಳಿಯ ಬಾರ್‌ನಲ್ಲಿ ಬಿಟ್ಟುಹೋಗಿದ್ದಳು. ತಲೆ ಎತ್ತಿ ನೋಡಿದರೆ ಗುಡ್ಡದ ಮೈಗೆ ಅಂಟಿಕೊಂಡ ಮೆಟ್ಟಿಲ ಸಾಲು ಸ್ವರ್ಗದ ದಿಕ್ಕಿಗೆ ಹೊರಟಿತ್ತು. ಅದು ಮುಗಿಯುವಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ ನಮ್ಮ ಗೋಪುರ. ನಾನು ವೀರಾವೇಶದಿಂದ ಸೂಟ್‌ಕೇಸ್ ಎಳೆದೆ. ಕಲ್ಲುಹಾಸಿಗೆ ತಾಗಿ ಅದರ ಒಂದು ಚಕ್ರ ಕಳಚಿಕೊಂಡು, ಟಣಟಣ ಕುಣಿಯುತ್ತ ಇಳಿಜಾರಿನಲ್ಲಿ ನೇರವಾಗಿ ಲೆಯಾರ್ಕೊನ ಹೋಟೆಲ್ ಕಡೆಗೆ ಹೋಯಿತು. ಚಕ್ರಕ್ಕಿದ್ದ ಬುದ್ಧಿ ನನಗಿರಲಿಲ್ಲ.

ಅತ್ತೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು.

"ಅಳಿಯಂದ್ರೇ, ನಾಲ್ಕು ಹೆಜ್ಜೆ ಅಂದ್ರಲ್ಲ, ಯಾವ ರಾಕ್ಷಸನ ಹೆಜ್ಜೆ?"

ನೀವೆಸ್ ಮಾತಾಡಲಿಲ್ಲ. ನೀವೆಸ್ ಬೈದರೆ ನಾನು ಹೆದರುವುದಿಲ್ಲ, ಸುಮ್ಮನಾದರೆ ಹೆದರುತ್ತೇನೆ. ಬಾರ್‌ಗೆ ಓಡಿದೆ. ಅಲ್ಲಿ ಇಸ್ಪೀಟಾಡುತ್ತಿದ್ದ ಗಂಡಸರು ಅತ್ತೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಹಬ್ಬದಲ್ಲಿ ಊರ ಸಂತನನ್ನೇ ಹೊತ್ತು ಮೇಲಕ್ಕೆ ಒಯ್ಯೋರು ನಾವು. ಇವರೇನು ಭಾರ?" ಎಂದ ಒಬ್ಬ ಮೀಸೆಯವನು.

ಕೈಯಿರುವ ಕುರ್ಚಿಗೆ ಎರಡು ಉದ್ದನೆಯ ಕೋಲು ಕಟ್ಟಿ, ಅತ್ತೆಯನ್ನು ಕೂರಿಸಿ, ಹೆಗಲಿಗೇರಿಸಿದರು. ಮೊದಲ ತಿರುವಿನಲ್ಲೇ ಮೀಸೆಯವನು ಏದುಸಿರು ಬಿಟ್ಟ.

"ಸಂತ ಮರದವನು ಕಣ್ರೋ! ಇವರು ಉಂಡು ಬೆಳೆದವರು!"

ಕಿಟಕಿಗಳು ತೆರೆದವು. ಕಣ್ಣು ಮಂಜಾದ ಅಜ್ಜಿಯೊಬ್ಬಳು ಗಡಬಡಿಸಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಅಲ್ಲಿಯತನಕ ಗಂಟುಮುಖ ಹಾಕಿದ್ದ ಅತ್ತೆ, ಎರಡನೆಯ ತಿರುವಿನ ಹೊತ್ತಿಗೆ ಕೈಯೆತ್ತಿ ಎರಡೂ ಬದಿಯ ಮನೆಗಳಿಗೆ ಆಶೀರ್ವಾದ ಮಾಡತೊಡಗಿದರು! ಮೆರವಣಿಗೆಯ ಹಿಂದೆ ಚಕ್ರವಿಲ್ಲದ ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ನಾನು, ಪಾಪಿ ಭಕ್ತ.

ಗೋಪುರ ಗುಂಡಗಿತ್ತು, ಮಂಚ ಚೌಕವಾಗಿತ್ತು, ಎರಡಕ್ಕೂ ಹೊಂದಾಣಿಕೆಯಿರಲಿಲ್ಲ. ಆ ಜಗತ್ಪ್ರಸಿದ್ಧ ಕಿಟಕಿ ಎಲ್ಲಿ ಎಂದು ಹುಡುಕಿದೆ. ಬಚ್ಚಲುಮನೆಯಲ್ಲಿತ್ತು! ಅದೂ ಕಮೋಡಿನ ಮೇಲ್ಗಡೆ. ಕಣಿವೆಯ ಸೌಂದರ್ಯ ಸವಿಯಬೇಕಾದರೆ ಕಮೋಡಿನ ಮುಚ್ಚಳದ ಮೇಲೆ ನಿಲ್ಲಬೇಕು. ನಿಂತೆ. ನೇರ ಕೆಳಗೆ ಲೆಯಾರ್ಕೊನ ಹೋಟೆಲ್. ಚಪ್ಪರದ ನೆರಳಲ್ಲಿ ಚಪ್ಪಲಿ ಕಳಚಿ, ಕಾಲು ಚಾಚಿ, ಐಸ್‌ಕ್ರೀಮ್ ತಿನ್ನುತ್ತಿದ್ದ ಲೆಯಾರ್ಕೊ ನನ್ನನ್ನು ಕಂಡು ಚಮಚ ಬೀಸಿದ.

"ಭಾವಾ! ಮೇಲಿಂದ ನೋಟ ಹೇಗಿದೆ?"

"ಅದ್ಭುತ!" ಎಂದು ಕೂಗಿದೆ. ಹೊಟ್ಟೆ ಉರಿಯುತ್ತಿತ್ತು.

ಮರುದಿನ ಬೆಳಗ್ಗೆ ಪಕ್ಕದ ಚರ್ಚಿನ ಗಂಟೆ ಬಾರಿಸಿತು. ಪಕ್ಕದ ಎಂದೆನೆ? ನಮ್ಮ ದಿಂಬಿನೊಳಗಿನ ಎನ್ನಬೇಕು! ನಾನು ಒಂದು ಕಡೆ ಬಿದ್ದೆ, ಮಂಚ ಒಂದು ಕಡೆ ಸರಿಯಿತು. ಎದ್ದು ನೋಡಿದರೆ ಅತ್ತೆ ಆಗಲೇ ರೇಷ್ಮೆ ಉಡುಪು ತೊಟ್ಟು ಕುಳಿತಿದ್ದರು. ಕಣ್ಣು ಒದ್ದೆಯಾಗಿತ್ತು.

"ಇದೇ ಗಂಟೆ ಕೆಳಗೆ ನಿಮ್ಮ ಮಾವ ನನ್ನ ಕೇಳಿದ್ದು. ಸದ್ದಲ್ಲಿ ಏನಂದ್ರೋ ಕೇಳಿಸ್ಲೇ ಇಲ್ಲ. ಮರ್ಯಾದೆಗೆ ಹೂಂ ಅಂದೆ."

ನಾನು, "ನಡೀರಿ ಅತ್ತೆ, ಕುರ್ಚಿ ತರಿಸ್ತೀನಿ. ಕೆಳಗೆ ಎಲ್ರೂ ಊಟಕ್ಕೆ ಕಾಯ್ತಿದಾರೆ" ಎಂದೆ.

"ಇಳಿಯೋದಾ? ಎಂಬತ್ತು ವರ್ಷಕ್ಕೆ ಜನ ಮೊದಲನೇ ಸಲ ನನ್ನ ಹೆಗಲ ಮೇಲೆ ಹೊತ್ತಿದಾರೆ. ಇನ್ನೊಂದ್ಸಲ ಹೊರೋವಾಗ ನನಗೆ ನೋಡೋಕಾಗಲ್ಲ. ನಾನು ಇಳಿಯಲ್ಲ. ಊಟಾನೇ ಹತ್ತಿ ಬರ್ಲಿ!"

ಆಜ್ಞೆಯಾಯಿತು. ಊಟ ಹತ್ತಿತು! ಚಿಕ್ಕಮ್ಮಂದಿರು ಪಾತ್ರೆ ಹಿಡಿದು, ಮೊಮ್ಮಕ್ಕಳು ಬಾಟಲಿ ಹಿಡಿದು, ಬೆಳಗ್ಗೆಯೇ ಕೆಳಗಿಳಿದಿದ್ದ ನೀವೆಸ್ ಕೇಕ್ ಹಿಡಿದು, ಎಲ್ಲರ ಹಿಂದೆ ಸುಟ್ಟ ಹಂದಿಯನ್ನು ಮಗುವಿನಂತೆ ತಬ್ಬಿಕೊಂಡು ಲೆಯಾರ್ಕೊ. ಯಾವುದು ಲೆಯಾರ್ಕೊ, ಯಾವುದು ಹಂದಿ ಎಂದು ಬಣ್ಣದಿಂದ ಹೇಳುವುದು ಕಷ್ಟವಾಗಿತ್ತು.

"ಭಾವಾ, ನಿನ್ನ ಅಭಿರುಚಿ ಬಹಳ ಎತ್ತರದ್ದು" ಎಂದು ಕೊನೆಯ ಮೆಟ್ಟಿಲ ಮೇಲೆ ಕುಸಿದ. "ನನ್ನ ಶ್ವಾಸಕೋಶ ಕೆಳದರ್ಜೆಯದು."

ಆದರೆ ಊಟ? ಅಂಥ ಊಟ ನಾನು ಉಂಡಿಲ್ಲ! ಚರ್ಚಿನ ಮುಂದಿನ ಪುಟ್ಟ ಚೌಕದಲ್ಲಿ ಓಣಿಯ ಹೆಂಗಸರು ತಮ್ಮ ತಮ್ಮ ಕುರ್ಚಿ ತಂದರು. ಮೀಸೆಯವನು ವೈನ್ ತಂದ. ನಡುವೆ ಅತ್ತೆ ಮಹಾರಾಣಿಯಂತೆ ಕುಳಿತು, ಗಂಟೆ ಬಾರಿಸಿದಾಗಲೆಲ್ಲ "ಹೂಂ, ಹೂಂ" ಎಂದು ನಗುತ್ತಿದ್ದರು. ನೀವೆಸ್ ಕೂಡ ನನ್ನ ಭುಜ ತಟ್ಟಿದಳು. ಇನ್ನು ತಡೆಯಲುಂಟೆ? ಲೋಟ ಎತ್ತಿ, ಕುರ್ಚಿ ಹತ್ತಿ ಘೋಷಿಸಿದೆ:

"ಬಂಧುಗಳೇ! ಉಳಿದರೆ ಕೋಟೆಯೊಳಗೇ ಉಳಿಯಬೇಕು! ಬಂಕಿನ ಪಕ್ಕ ಉಳಿಯೋದು ಲಾರಿಗಳು!"

ಚಪ್ಪಾಳೆ! ಲೆಯಾರ್ಕೊ ಮಾತ್ರ ಮಂಡಿ ನೀವಿಕೊಳ್ಳುತ್ತಿದ್ದ.

"ಇಂಥಾ ಮನೆ ಕೊಟ್ಟ ಪುಣ್ಯಾತ್ಗಿತ್ತಿಗೆ ಒಂದು ತುಂಡು ಕೇಕ್ ಕೊಟ್ಟು ಬನ್ನಿ" ಎಂದು ನೀವೆಸ್ ನನ್ನ ಕೈಗೆ ತಟ್ಟೆ ಕೊಟ್ಟಳು.

ಎರ್ಸಿಲಿಯಾಳ ಮನೆಯೆಲ್ಲಿ ಎಂದು ಓಣಿಯ ಹೆಂಗಸರನ್ನು ಕೇಳಿದೆ. "ಹಾಗೇ ಇಳೀರಿ" ಎಂದರು. ಇಳಿದೆ. ಬಾರ್‌ನಲ್ಲಿ ಕೇಳಿದೆ. "ಇನ್ನೂ ಇಳೀರಿ" ಎಂದರು. ಕೋಟೆ ಬಾಗಿಲು ದಾಟಿ, ಹೋಟೆಲ್ ದಾಟಿ, ಪೆಟ್ರೋಲ್ ಬಂಕಿನ ಮಗ್ಗುಲಿನ ಹೊಸ ಕಟ್ಟಡದ ಮುಂದೆ ನಿಂತೆ. ಲಿಫ್ಟ್ ಇತ್ತು. ದುಂಡುಮುಖದ ಹೆಂಗಸೊಬ್ಬಳು ಬಾಗಿಲು ತೆರೆದು, ಕೇಕ್ ನೋಡಿ ಅರಳಿದಳು.

"ಎರ್ಸಿಲಿಯಾ ಅವರೇ, ಅಂಥಾ ಗೋಪುರ ಬಿಟ್ಟು ನೀವು ಇಲ್ಲಿ...?"

"ಅಲ್ಲಿರೋದಾ? ನನಗೇನು ಹುಚ್ಚಾ?" ಎಂದು ನನ್ನನ್ನು ಕಿಟಕಿಯ ಪಕ್ಕದ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದಳು. ಬುಡದಿಂದ ತುದಿಯವರೆಗೆ ಇಡೀ ಮೆಟ್ಟಿಲ ಸಾಲು ಅಲ್ಲಿಂದ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. "ಬಾಡಿಗೆಯವರು ಹತ್ತೋದನ್ನ ಇಲ್ಲೇ ಕೂತು ನೋಡ್ತೀನಿ ಸ್ವಾಮಿ. ಬೇಕಾದಷ್ಟು ಜನ ಬಂದಿದಾರೆ. ಆದ್ರೆ ನಿನ್ನೆ ಸೂಟ್‌ಕೇಸ್ ತಲೆ ಮೇಲೆ ಹೊತ್ತು ಒಬ್ಬ ಬಂದ ನೋಡಿ, ಅಕ್ಕಪಕ್ಕದ ಮನೆಯವರನ್ನೆಲ್ಲಾ ಕರೆದು ತೋರಿಸಿದೆ!"