ಅಲ್ಲಾಡದ ಕೈಯ ವಾಚು

ನನ್ನ ಬಳಿ ಐದು ವಾಚುಗಳಿವೆ. ಐದೂ ದೊಡ್ಡ ಕಂಪನಿಗಳ ಹೆಸರು ಹೊತ್ತ ಅಗ್ಗದ ನಕಲುಗಳು. ಯಾವುದಕ್ಕೂ ಬ್ಯಾಟರಿ ಇಲ್ಲ. ಒಳಗೆ ಅರ್ಧಚಂದ್ರದಂಥ ಒಂದು ಬಿಲ್ಲೆ ಇದೆ. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಸರದಿಯ ಮೇಲೆ ಒಂದೊಂದನ್ನು ಕಟ್ಟುತ್ತೇನೆ. ಬಿಡುವಿದ್ದಾಗ ಮುಚ್ಚಳ ಬಿಚ್ಚಿ, ಧೂಳು ಊದಿ, ಸೂಜಿಮೊನೆಯಿಂದ ಎಣ್ಣೆ ಮುಟ್ಟಿಸುತ್ತೇನೆ. (ಇಷ್ಟು ಆರೈಕೆ ತನಗೆ ಜ್ವರ ಬಂದಾಗಲೂ ಸಿಕ್ಕಿಲ್ಲ ಎಂಬುದು ನನ್ನ ಹೆಂಡತಿಯ ದೂರು.)

ಕಳೆದ ತಿಂಗಳು ಅವಳ ತಂಗಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಇವಳು ನೋಡಿಕೊಳ್ಳಲು ಹೊರಟಳು.

"ಒಬ್ರೇ ಇರ್ತೀರಾ?"

"ರಾಜನ ಹಾಗಿರ್ತೀನಿ."

"ನೋಡೋಣ. ಎರಡು ವಾರ ತಡ್ಕೊಳ್ಳಿ, ಸಾಕು."

ರಾಜ್ಯಭಾರ ನಾಲ್ಕು ದಿನ ನಡೆಯಿತು. ಐದನೆಯ ದಿನ ಕೈಯಲ್ಲಿದ್ದ ವಾಚು ನಿಂತಿತು. ಬೇರೊಂದು ಕಟ್ಟಿದೆ, ಅದೂ ನಿಂತಿತು. ವಾರ ಕಳೆಯುವಷ್ಟರಲ್ಲಿ ಐದೂ ಮುಷ್ಕರ ಹೂಡಿದವು. ಮನೆಯಲ್ಲಿ ಫ್ರಿಜ್ಜಿನ ಗೊರಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಒಂದು ತಟ್ಟೆ ತೊಳೆಯಲು ಎಷ್ಟು ಹೊತ್ತು ಬೇಕು? ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ.

ಕೊನೆಗೆ ಐದನ್ನೂ ವಾಚ್ ರಿಪೇರಿಯವರ ಮುಂದಿಟ್ಟೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದೊಂದನ್ನೇ ಬಿಚ್ಚಿ ನೋಡಿದರು.

"ವಾಚಿಗೆ ಕಾಯಿಲೆ ಇಲ್ಲ ಸಾರ್. ಕೈಗಿದೆ."

"ಕೈಗಾ?"

"ದಿನವೆಲ್ಲ ಏನ್ ಮಾಡ್ತೀರಿ?"

"ಕೂತಿರ್ತೀನಿ."

"ಮೊದಲು ಏನ್ ಮಾಡ್ತಿದ್ರಿ?"

ಮೊದಲೂ ಕೂತೇ ಇರುತ್ತಿದ್ದೆ. ಆದರೆ ಹೆಂಡತಿಯೊಡನೆ ವಾದಿಸುತ್ತ ಕೂತಿರುತ್ತಿದ್ದೆ. ವಾದಕ್ಕೆ ನನಗೆ ಬಾಯಿಗಿಂತ ಕೈಯೇ ಹೆಚ್ಚು ಬೇಕು. ಅಂದರೆ ಇಷ್ಟು ವರ್ಷ ನನ್ನ ವಾಚುಗಳನ್ನು ನಡೆಸುತ್ತಿದ್ದವಳು ಅವಳು!

ಫೋನ್ ಮಾಡಿ "ಬಂದುಬಿಡು" ಅನ್ನಬಹುದಿತ್ತು. ರಾಜರು ಹಾಗೆಲ್ಲ ಅನ್ನುವುದಿಲ್ಲ. ಸುಮ್ಮನೆ ಕೈ ಬೀಸಿ ನೋಡಿದೆ. ಐದು ನಿಮಿಷಕ್ಕೆ ಬೇಸರ ಬಂತು. ಆಗ ಅವಳ ಖಾಲಿ ಕುರ್ಚಿಯ ಎದುರು ಕೂತು ಜಗಳ ತೆಗೆದೆ. ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂಬ ನಮ್ಮ ಹಳೆಯ ವ್ಯಾಜ್ಯ. ಅವಳ ಮಾತನ್ನೂ ನಾನೇ ಆಡಿದೆ. ಆದರೂ ಸೋತೆ. ಆದರೆ ವಾಚು ಟಿಕ್ ಟಿಕ್ ಎಂದಿತು, ಮನೆಯೂ ತುಸು ಮನೆಯಂತಾಯಿತು.

ಈ ಜಗಳದ ಮೂರನೆಯ ದಿನ ವಾದ ತಾರಕಕ್ಕೇರಿದ್ದಾಗ ಬಾಗಿಲು ತೆರೆಯಿತು. ಹೆಂಡತಿ, ಕೈಯಲ್ಲಿ ಚೀಲ.

"ಕೆಳಗಿನ ಮನೆ ಟೈಲರಮ್ಮ ಫೋನ್ ಮಾಡಿದ್ರು. ಯಾರ ಜೊತೆ ರೀ ಜಗಳ?"

"ನಿನ್ನ ಜೊತೆ," ಎಂದು ಸತ್ಯವನ್ನೇ ನುಡಿದೆ.

ಅವಳು ಕುರ್ಚಿ ನೋಡಿದಳು, ಗಾಳಿಯಲ್ಲಿದ್ದ ನನ್ನ ಕೈ ನೋಡಿದಳು. ಒಳಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದಳು. ಎದುರು ಮಾತಾಡಬೇಡಿ ಎಂದರಂತೆ ಆ ಮಹಾನುಭಾವರು.

ಅಂದಿನಿಂದ ಅವಳು ಎದುರಾಡಿಲ್ಲ. ಕಿಟಕಿ ಮುಚ್ಚು ಅಂದರೆ ಮುಚ್ಚುತ್ತಾಳೆ, ತೆರೆ ಅಂದರೆ ತೆರೆಯುತ್ತಾಳೆ. ವಾಚಿನ ವಿಷಯವನ್ನು ವಿವರಿಸಿದೆ; ಮಗುವಿನ ಕತೆ ಕೇಳುವಂತೆ ತಲೆಯಾಡಿಸಿದಳು. ಮನೆಯಲ್ಲಿ ಇಬ್ಬರಿದ್ದೇವೆ, ಮತ್ತೆ ಫ್ರಿಜ್ಜಿನ ಗೊರಕೆಯೇ ಕೇಳುತ್ತದೆ.

ನಿನ್ನೆ ಊಟಕ್ಕೆ ಕೂತಾಗ ಬ್ರಹ್ಮಾಸ್ತ್ರ ಬಿಟ್ಟೆ. "ನಿನ್ನ ತಂಗಿ ಅಡುಗೆ ಮುಂದೆ ನಿನ್ನದು ಏನೇನೂ ಅಲ್ಲ."

ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಆಡಲು ಧೈರ್ಯ ಸಾಲದಿದ್ದ ಮಾತು. ಉತ್ತರಕ್ಕೆ ಪ್ರತ್ಯುತ್ತರ ಕೊಡಲು ಕೈಯೆತ್ತಿ ಸಿದ್ಧನಾದೆ. ಅವಳ ಮೂಗಿನ ತುದಿ ಕೆಂಪಾಯಿತು. ನನಗೆ ಜೀವ ಬಂದಂತಾಯಿತು.

ಅವಳು ಎದ್ದು ಬಂದು, ಎತ್ತಿದ ನನ್ನ ಕೈಯನ್ನು ಮೆಲ್ಲನೆ ಹಿಡಿದು ತೊಡೆಯ ಮೇಲಿಟ್ಟಳು.

"ಹೌದು ರೀ," ಅಂದಳು. "ಕೈಗೆ ಆಯಾಸ ಮಾಡ್ಕೋಬೇಡಿ."