ಬೀಳುವ ಚಟದ ಬಿಳಿ ಚೆಂಡಿಗೆ ಅಕ್ಕಿಆಲೂರಿನಿಂದ ಒಂದು ವಿನಂತಿ

ಇಪ್ಪತ್ತೊಂದು ಬಣ್ಣದ ಚೆಂಡುಗಳ ಯಜಮಾನರೂ, ಯಾವ ಊರಿನ ಸ್ನೂಕರ್ ಮೇಜಿಗೆ ಹೋದರೂ ಮೊದಲೇ ಬಂದು ಕುಂತಿರುವವರೂ ಆದ ಮಾನ್ಯ ಬಿಳಿ ಚೆಂಡಿನವರೇ,

ಅಕ್ಕಿ ಗಿರಣಿಯಲ್ಲಿ ಬೆಲ್ಟು ರಿಪೇರಿ ಮಾಡುವ, ಆರನೇ ಕ್ಲಾಸಿಗೇ ಸಾಲಿ ಬಿಟ್ಟ ಪೀರಸಾಬನು ಸಲಾಮು ಹೇಳಿ ಬರೆದುಕೊಳ್ಳುವುದೇನೆಂದರೆ, ನಾನು ಕ್ಷೇಮ, ಆದರೆ ಊಟ ಸೇರವಲ್ದು. ತಾವು ಕ್ಷೇಮವೆಂಬುದು ಹೋದ ಭಾನುವಾರ ಸವಣೂರಿನಲ್ಲಿ ತಾವು ಕುಣಿಯುತ್ತ ಪಾಕೆಟ್ಟಿಗೆ ಇಳಿದದ್ದರಿಂದಲೇ ಗೊತ್ತಾಯಿತು.

ಕೆಂಪೊಂದು, ಬಣ್ಣದ್ದೊಂದು ಎಂದು ಸರದಿಯಿಂದ ಹಾಕುತ್ತ ಬಂದು ಕಡೆಗೆ ಕರಿ ಚೆಂಡು ಒಂದೇ ಉಳಿದಿತ್ತು, ಅದು ಬಿದ್ದರೆ ಆಟ ನಮ್ಮದಿತ್ತು. ನಾನು ರೂಢಿಯಂತೆ ಎರಡು ಬೆರಳು ಗೋಡೆ ಕಡೆ ಸರಿಸಿ ಗುರಿ ಹಿಡಿದೆ. ಯಾಕಂದರೆ ನಮ್ಮ ಮೇಜು ಇರುವುದು ಗಿರಣಿಯ ಹಳೇ ಭತ್ತ ನೆನೆಸುವ ಶೆಡ್ಡಿನಲ್ಲಿ. ನೀರು ಹರಿದುಹೋಗಲೆಂದು ಅದರ ನೆಲವೇ ಬಾಗಿಲ ಕಡೆ ಇಳುಕಲು. ಚೆಂಡು ಆ ಕಡೆ ಜಾರುತ್ತದೆಂದು ಅಲ್ಲಿ ಕಲಿತ ನಾವೆಲ್ಲ ಎದುರಿನ ಗೋಡೆ ಕಡೆ ಸರಿಸಿ ಹೊಡೆಯುವುದೇ ಹಂಗ. ಸವಣೂರಿನ ಮೇಜು ನೋಡಿದರೆ ನಿಂತ ನೀರಿನಷ್ಟು ಸಮ. ತಾವು ಕರಿ ಚೆಂಡಿನ ಮೈ ಸಹ ಮುಟ್ಟದೆ ನೆಟ್ಟಗೆ ಪಾಕೆಟ್ಟಿಗೆ ಹೋದಿರಿ. ದಂಡದ ಏಳು ಅಂಕವೂ ಆಟವೂ ಎದುರಾಳಿ ಜಾಕೀರನ ಪಾಲು. ನಮ್ಮ ತಂಡದ ಹಿರಿಯ ಶಂಕ್ರಪ್ಪ, "ಏ ಪೀರಸಾಬ, ನಮ್ಮೂರ ಇಳುಕಲನ್ನ ಚೀಲದಾಗ ಕಟ್ಟಿಗೊಂಡು ಬರಬೇಕಿತ್ತಲ್ಲೋ" ಎಂದದ್ದಕ್ಕೆ ಸವಣೂರಿನವರೂ ನಕ್ಕರು.

ತಮ್ಮ ಲೀಲೆ ದೊಡ್ಡದು. ಹಾನಗಲ್ಲಿನ ಮಲ್ಲಿಕಸಾಬ ಮಾಸ್ತರರು ಹೇಳುವಂತೆ ಬಿಲಿಯರ್ಡ್ಸ್‌ನಲ್ಲಿ ಮೂರೇ ಚೆಂಡು, ಅಲ್ಲಿ ತಾವು ಕೆಂಪನ್ನು ತಾಗಿ ಬಿದ್ದರೆ ಹೊಡೆದವನಿಗೇ ಮೂರು ಅಂಕವಂತೆ! ಶಿಗ್ಗಾಂವಿಯ ಪೂಲ್ ಮೇಜಿನಲ್ಲಿ ಪಟ್ಟೆಯವು ಒಬ್ಬರಿಗೆ, ಪಟ್ಟೆಯಿಲ್ಲದವು ಇನ್ನೊಬ್ಬರಿಗೆ, ಕರಿಯದು ಕಡೆಗೆ. ಅಲ್ಲಿ ತಾವು ಬಿದ್ದರೆ ಎದುರಾಳಿ ತಮ್ಮನ್ನು ಮದುಮಗನಂತೆ ಎತ್ತಿ ಬೇಕಾದಲ್ಲಿ ಕೂರಿಸುತ್ತಾನೆ. ಇನ್ನು ಕ್ಯಾರಮ್ ಬಿಲಿಯರ್ಡ್ಸ್ ಎಂಬುದನ್ನು ಮೊಬೈಲಿನಲ್ಲಿ ನೋಡಿದೆ: ಮೇಜಿಗೆ ತೂತೇ ಇಲ್ಲ, ಒಂದು ಚೆಂಡು ಎರಡನ್ನೂ ತಾಗಿದರೆ ಸಾಕು. ನೋಡಿ ಎದೆ ತಣ್ಣಗಾಗಿ ಅವತ್ತೊಂದು ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಈ ಭಾನುವಾರ ಸವಣೂರಿನವರು ನಮ್ಮಲ್ಲಿಗೆ ಬರುತ್ತಾರೆ. ಸೋತರೆ ನನ್ನ ಜಾಗಕ್ಕೆ ಶಂಕ್ರಪ್ಪನ ಹಂಸಭಾವಿ ಅಳಿಯ ಪ್ರಶಾಂತ ಬರುತ್ತಾನಂತೆ. ನನಗೆ ಹಲಗೆ ಮೇಲೆ ಅಂಕ ಬರೆಯುವ ಕೆಲಸ, ಅದೂ ನನ್ನ ಅಕ್ಷರದಲ್ಲಿ! ಇದರ ಮೇಲೆ, ಬಂದವರು ನಕ್ಕಾರೆಂದು ಶಂಕ್ರಪ್ಪ ಮೊನ್ನೆ ಮೇಜಿನ ಬಾಗಿಲ ಕಡೆಯ ಕಾಲುಗಳಿಗೆ ಕಟ್ಟಿಗೆ ತುಂಡು ಕೊಟ್ಟು ಸಮ ಮಾಡಿಸಿದ್ದಾನೆ. ಈಗ ಊರಲ್ಲಿ ಒಬ್ಬನಿಗೂ ಒಂದು ಚೆಂಡು ಬೀಳವಲ್ದು, ತಮ್ಮನ್ನು ಬಿಟ್ಟು.

ಆದ್ದರಿಂದ ತಾವು ದಯಮಾಡಿ ಭಾನುವಾರದ ಮಟ್ಟಿಗೆ ಪಾಕೆಟ್ಟಿಗಿಂತ ಒಂದು ಬೆರಳು ದಪ್ಪಗಾಗಬೇಕು. ಆಗದಿದ್ದರೆ, ಬೀಳುವಾಗ ಇದು ಬಿಲಿಯರ್ಡ್ಸ್ ಎಂದು ಎಲ್ಲರೆದುರು ಸಾಕ್ಷಿ ಹೇಳಬೇಕು. ಅದೂ ಆಗದಿದ್ದರೆ ನಾನು ಹೊಡೆಯುವಾಗ ಹಳೇ ಇಳುಕಲನ್ನು ನೆನೆಸಿಕೊಂಡು ಬಾಗಿಲ ಕಡೆ ತುಸು ವಾಲಬೇಕು.

ಕೋಲು ಹಿಡಿದರೆ ಇನ್ನೂ ಎರಡು ಬೆರಳು ಗೋಡೆ ಕಡೆಗೇ ಸರಿಯುವ,
ತಮ್ಮ ವಿಶ್ವಾಸಿ
ಪೀರಸಾಬ

ತಾ.ಕ.: ತಮಗೆ ತೊಂದರೆ ಕೊಡುವುದು ಬ್ಯಾಡೆಂದು ಮುಂಜಾನೆ ನಾನೇ ಹೋಗಿ ಆ ಕಟ್ಟಿಗೆ ತುಂಡು ತೆಗೆದು ತಂದೇನಿ. ನನ್ನ ಹೆಂಡತಿ ಮುನವ್ವರಾ ಅವನ್ನು ಭಾನುವಾರಕ್ಕೆಂದು ಒಲೆ ಪಕ್ಕ ಇಟ್ಟಾಳ. ಸವಣೂರಿನವರಿಗೆ ಅದೇ ಬೆಂಕಿಯ ಚಹಾ. ಜಾಕೀರನಿಗೆ ಸಕ್ಕರೆ ಜಾಸ್ತಿ.