ಹನ್ನೊಂದು ಬಗೆಯ ‘ಆಯ್ತು’

ಕೇಳಲೋ, ಬೇಡವೋ? ಕೇಳಿದರೆ ಮಾನ ಹೋಗುತ್ತದೆ. ಕೇಳದಿದ್ದರೆ ಕೋಣೆ ಹೋಗುತ್ತದೆ. ಮಾನವನ್ನು ಬೇಕಾದರೆ ಒಂದು ದಿನ ಮನೆಯಲ್ಲಿಟ್ಟು ಬರಬಹುದು, ಕೋಣೆಯನ್ನು ಎಲ್ಲಿಡುವುದು?

ಆಸ್ಪತ್ರೆಯಲ್ಲಿ ಎಲ್ಲರೂ ಮೌನಿ ಡಾಕ್ಟರು ಎನ್ನುತ್ತಿದ್ದ ಅವನು, ಅಕ್ಕನ ಕೈ ಹಿಡಿದು ನರರೋಗ ವಿಭಾಗದ ಮೆಟ್ಟಿಲು ಹತ್ತುತ್ತ ಯೋಚಿಸುತ್ತಿದ್ದುದು ಇದನ್ನೇ.

ಕೋಣೆಯೇನೂ ದೊಡ್ಡದಲ್ಲ. ಎರಡು ಕಿಟಕಿ, ಒಂದು ಉದ್ದ ಮೇಜು, ಆರು ಕುರ್ಚಿ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರು ಪ್ರತಿ ಬುಧವಾರ ಅಲ್ಲಿ ಸೇರಿ, ಉಳಿದ ಒಂದೆರಡು ಮಾತನ್ನೇ ಒಬ್ಬರಿಗೊಬ್ಬರು ಆಡಿಕೊಳ್ಳುತ್ತಿದ್ದರು. ಅಕ್ಕನಿಗೆ ಉಳಿದದ್ದು ‘ಆಯ್ತು’ ಒಂದೇ. ಎಂಟು ವರ್ಷದಿಂದ ಹಸಿವಿಗೂ ಅದೇ, ಸಿಟ್ಟಿಗೂ ಅದೇ. ಆ ಒಂದು ಮಾತನ್ನು ಅವಳು ಹನ್ನೊಂದು ಬಗೆಯಲ್ಲಿ ಹೇಳುತ್ತಾಳೆಂದು ಕಂಡುಕೊಂಡು ಅವನೊಂದು ಸಂಶೋಧನಾ ಲೇಖನ ಬರೆದಿದ್ದ.

ಈಗ ಆಡಳಿತದವರು ಹೊಸ ನಿಯಮ ತಂದಿದ್ದರು. ಸಂಶೋಧಕರ ಹತ್ತು ಲೇಖನಗಳನ್ನಾದರೂ ಬೇರೆಯವರು ತಮ್ಮ ಬರಹಗಳಲ್ಲಿ ತಲಾ ಹತ್ತು ಸಲ ಉಲ್ಲೇಖಿಸಿರಬೇಕು. ಇಲ್ಲವಾದರೆ ಕೋಣೆ ಹೊಸ ಯಂತ್ರಕ್ಕೆ. ಅವನ ಒಂಬತ್ತು ಲೇಖನಗಳು ಹತ್ತು ಮುಟ್ಟಿದ್ದವು. ಅಕ್ಕನ ಮೇಲಿನದು ಮಾತ್ರ, ಕೊನೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ನಿಂತ ಮುದುಕನ ಹಾಗೆ, ಒಂಬತ್ತರಲ್ಲೇ ನಿಂತಿತ್ತು. ಇವತ್ತು ಸಂಜೆ ಐದಕ್ಕೆ ಗಡುವು.

ದಾರಿಯೊಂದಿತ್ತು. ಪಕ್ಕದ ಕೋಣೆಯ ನಿದ್ರೆ ಮೇಷ್ಟ್ರು ನಿದ್ರೆಯ ಮೇಲೆ ಸಂಶೋಧನೆ ಮಾಡಿ, ಸಭೆಗಳಲ್ಲಿ ಅದನ್ನು ಪ್ರಯೋಗಿಸಿ ತೋರಿಸುತ್ತಿದ್ದವರು. ನಿದ್ದೆಯಲ್ಲಿ ಮಾತಾಡುವವರನ್ನು ಕುರಿತ ಅವರ ಹೊಸ ಲೇಖನದ ಮೊದಲ ರೂಪ ಪತ್ರಿಕೆಯ ಜಾಲತಾಣದಲ್ಲಿ ಬಂದಾಗಿತ್ತು. ಇವತ್ತು ಕರಡು ತಿದ್ದಿ ಕಳಿಸಿದರೆ ಸಂಜೆಯೊಳಗೆ ಅಂತಿಮ ರೂಪ ಬರುತ್ತಿತ್ತು. ತಿದ್ದುವಾಗ ಒಂದು ಸಾಲು ಸೇರಿಸಿದರೆ ಸಾಕು. ಆದರೆ ನಿದ್ದೆಯಲ್ಲಿ ಬೆಚ್ಚಿಬೀಳುವುದರ ಬಗ್ಗೆ ತಾನು ಬರೆದಿದ್ದ ಲೇಖನಕ್ಕೆ ಹತ್ತನೆಯ ಉಲ್ಲೇಖ ದಕ್ಕಿದ್ದೇ ಮೇಷ್ಟ್ರ ಈ ಬರಹದಿಂದ. ಒಮ್ಮೆ ಉಪಕಾರ ಮಾಡಿದವರನ್ನು ಮತ್ತೆ ಹೇಗೆ ಕೇಳುವುದು?

ಹತ್ತು ಗಂಟೆಗೆ ಧೈರ್ಯ ಮಾಡಿ ಮೇಷ್ಟ್ರ ಕೋಣೆಗೆ ಹೋದ.

“ಏನಪ್ಪಾ ಮೌನಿ?”

“ಏನಿಲ್ಲ ಸಾರ್… ಸ್ಟೇಪ್ಲರ್ ಇದೆಯಾ?”

ಹನ್ನೊಂದಕ್ಕೆ ಹೋದವನು ಕೊಡೆ ಹಿಡಿದು ಬಂದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹನ್ನೆರಡಕ್ಕೆ ಹೋದವನು ಹೂಕುಂಡ ಹೊತ್ತು ಬಂದ. ಅದನ್ನು ಯಾಕೆ ಕೇಳಿದೆನೆಂದು ಅವನಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಲೈಬ್ರರಿ ಮೇಡಂ ಬಂದರು. ಯಾರಿಗೆಷ್ಟು ಉಲ್ಲೇಖ ಎಂಬುದು ಅವರಿಗೆ ತಮ್ಮ ಯಜಮಾನರ ಬಿಪಿಗಿಂತ ಚೆನ್ನಾಗಿ ಗೊತ್ತಿತ್ತು.

“ಇದೇನ್ ಡಾಕ್ಟ್ರೇ, ಮನೆ ಬದಲಾಯಿಸ್ತಿದೀರಾ?”

“ಇಲ್ಲ ಮೇಡಂ.”

“ಒಂದೇ ಒಂದು ಉಲ್ಲೇಖಕ್ಕೆ ಇಷ್ಟೊಂದು ಒದ್ದಾಟ ಯಾಕೆ? ಮೇಷ್ಟ್ರಿಗೆ ನಾನ್ ಹೇಳ್ತೀನಿ ಬಿಡಿ.”

“ಬೇಡ ಮೇಡಂ, ದಯವಿಟ್ಟು. ಕೇಳಿ ಹಾಕಿಸ್ಕೊಳ್ಳೋದು ಸರಿಯಲ್ಲ,” ಎಂದು ಅವನು ವಾರ್ಡಿನ ಕಡೆಗೆ ತಪ್ಪಿಸಿಕೊಂಡ.

ಮೇಡಂ ಕಿಟಕಿಯ ಬಳಿ ಕೂತಿದ್ದ ಅಕ್ಕನತ್ತ ತಿರುಗಿದರು. “ನೀವೇ ಹೇಳಿ ಅಕ್ಕಾ, ಮೇಷ್ಟ್ರಿಗೆ ಹೇಳ್ಲಾ?”

“ಆಯ್ತು,” ಎಂದಳು ಅಕ್ಕ.

ಅದು ಏಳನೆಯ ಬಗೆ: ‘ನನ್ನ ಪಾಡಿಗೆ ನನ್ನನ್ನು ಬಿಡಿ.’ ಲೇಖನ ಓದಿದ್ದರೆ ಮೇಡಂಗೆ ಗೊತ್ತಾಗುತ್ತಿತ್ತು. ಓದಿದವರು ಲೋಕದಲ್ಲಿ ಒಂಬತ್ತೇ ಜನ.

ಆಮೇಲೆ ಬಂದು ಅದನ್ನೇ ಕೇಳಿದ ಹೆಡ್ ಕ್ಲಾರ್ಕರಿಗೂ ಅಕ್ಕ “ಆಯ್ತು” ಎಂದಳು. ಅವರ ಹಿಂದೆ ಬಂದ ನರ್ಸಮ್ಮನಿಗೂ ಎಂದಳು. ಊಟದ ಹೊತ್ತಿಗೆ ಮೂವರೂ ನಿದ್ರೆ ಮೇಷ್ಟ್ರನ್ನು ಸುತ್ತುವರಿದು, ಕೆಟ್ಟು ನಿಂತ ಬಸ್ಸು ತಳ್ಳುವವರ ಹಾಗೆ ಅವರನ್ನು ಅಲುಗಾಡಿಸಿ ಎಬ್ಬಿಸಿದ್ದರು. ಗೋಡೆಯಾಚೆ ತನ್ನ ಹೆಸರು ಕೇಳಿ, ವಾರ್ಡಿನಿಂದ ಮರಳುತ್ತಿದ್ದ ಮೌನಿ ಓಡಿಬಂದ. ಅವನ ಕಿವಿಗಳು ಕೆಂಪಾಗಿದ್ದವು.

“ಸಾರ್, ಇವರನ್ನ ನಾನು ಕಳಿಸಿದ್ದಲ್ಲ.”

“ಗೊತ್ತು ಕಣಯ್ಯಾ. ಇನ್ನೊಬ್ಬರನ್ನ ಕಳಿಸೋ ಜಾಣತನ ನಿನಗಿದ್ದಿದ್ರೆ ನನ್ನ ಹೂಕುಂಡ ಇಲ್ಲೇ ಇರ್ತಿತ್ತು. ನಡೀರಿ ಎಲ್ರೂ. ಮೊದ್ಲು ಓದ್ತೀನಿ.”

ನಾಲ್ಕೂಮುಕ್ಕಾಲಿಗೆ ಲೈಬ್ರರಿ ಮೇಡಂ ಕಾರಿಡಾರಿನ ಆ ತುದಿಯಿಂದಲೇ ಕೂಗಿದರು: “ಅಕ್ಕನ ಲೇಖನಕ್ಕೆ ಹತ್ತು! ಹತ್ತಾಯ್ತು ಡಾಕ್ಟ್ರೇ!”

ನರ್ಸಮ್ಮ ಚಪ್ಪಾಳೆ ತಟ್ಟಿದರು. ಮೌನಿ ಕಣ್ಣೊರೆಸಿಕೊಂಡು, ಕೊಡೆ, ಸ್ಟೇಪ್ಲರ್, ಹೂಕುಂಡ ಮೂರನ್ನೂ ಎತ್ತಿಕೊಂಡು ಮೇಷ್ಟ್ರ ಮುಂದೆ ಹೋಗಿ ನಿಂತ.

“ಸಾರ್…”

“ಏನೂ ಹೇಳ್ಬೇಡ. ಓದಿದೆ ಕಣೋ. ಓದುವಾಗ ಒಂದ್ ಸಲಾನೂ ನಿದ್ದೆ ಬರ್ಲಿಲ್ಲ.” ಅವರ ಬಾಯಿಂದ ಇಂಥ ಹೊಗಳಿಕೆ ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. “ನಿನಗೆ ಉಪಕಾರ ಆಗ್ಲಿ ಅಂತ ಹಾಕಿದ್ದಲ್ಲ. ಮೊದಲೇ ಹಾಕ್ಬೇಕಿತ್ತು, ನಾನು ಓದಿರ್ಲಿಲ್ಲ, ಅಷ್ಟೆ. ಸ್ವಲ್ಪ ಪೇಚಾಟ ಆಯ್ತಪ್ಪ. ಆ ಪತ್ರಿಕೆಯೋರು ನಲವತ್ತರ ಮೇಲೆ ಒಂದು ಉಲ್ಲೇಖಾನೂ ಬಿಡಲ್ಲ. ಯಾವುದಾದ್ರೂ ಒಂದು ತೆಗೀಬೇಕು. ಬೇರೆಯೋರದ್ದು ತೆಗೆದ್ರೆ ಬೇಜಾರ್ ಮಾಡ್ಕೋತಾರೆ. ನೀನು ನಮ್ಮೋನು, ಏನೂ ಅಂದ್ಕೊಳ್ಳಲ್ಲ ಅಂತ ನಿಂದೇ ಇನ್ನೊಂದನ್ನ ತೆಗೆದೆ. ಆ ಬೆಚ್ಚಿಬೀಳೋದು.”

ಮೌನಿ ನಿಂತಲ್ಲೇ ಬೆಚ್ಚಿದ. ಹೂಕುಂಡವನ್ನು ಮೆಲ್ಲಗೆ ಕೆಳಗಿಟ್ಟ.

“ಸರಿ ಹೋಯ್ತು ತಾನೇ?” ಮೇಷ್ಟ್ರ ಮುಖ, ಬಹುಮಾನ ಗೆದ್ದ ಶಾಲಾಹುಡುಗನ ಮುಖದಂತಿತ್ತು.

“ತುಂಬಾ ಉಪಕಾರ ಆಯ್ತು ಸಾರ್.”

ಕೋಣೆಗೆ ಮರಳಿ ತಾನೊಬ್ಬನೇ ಕಂಪ್ಯೂಟರ್ ಪರದೆ ನೋಡಿದ. ಅಕ್ಕನ ಲೇಖನ ಹತ್ತಕ್ಕೇರಿತ್ತು. ಬೆಚ್ಚಿಬೀಳುವ ಲೇಖನ ಒಂಬತ್ತಕ್ಕಿಳಿದಿತ್ತು. ಹತ್ತು ಮುಟ್ಟಿದ ಲೇಖನಗಳು ಬೆಳಿಗ್ಗೆ ಎಷ್ಟಿದ್ದವೋ ಅಷ್ಟೇ. ಐದಕ್ಕೆ ಉಲ್ಲೇಖಗಳ ಲೆಕ್ಕ ಬರೆದ ಹಾಳೆಯನ್ನು ಮಡಿಸಿ, ಹೆಡ್ ಕ್ಲಾರ್ಕರ ಮೇಜಿನ ಮೇಲೆ ಬೋರಲಾಗಿಟ್ಟು ಬಂದ.

“ಹೋಗೋಣ ಅಕ್ಕಾ,” ಎಂದ. ಅಕ್ಕ ಅವನ ಮುಖವನ್ನೇ ನೋಡಿ, ಅವನ ಅಂಗಿಯ ತೋಳಿಗೆ ಹತ್ತಿದ್ದ ಕುಂಡದ ಮಣ್ಣನ್ನು ಕೊಡವಿ, “ಆಯ್ತು,” ಎಂದಳು. ಹನ್ನೊಂದರಲ್ಲಿ ಅದು ಯಾವುದೂ ಆಗಿರಲಿಲ್ಲ.

ಮುಂದಿನ ಬುಧವಾರ ಕೋಣೆಯಲ್ಲಿ ಯಂತ್ರವಿತ್ತು, ಆರು ಕುರ್ಚಿಗಳು ಕಾರಿಡಾರಿನಲ್ಲಿದ್ದವು. ನಿದ್ರೆ ಮೇಷ್ಟ್ರು ತಮ್ಮ ಕುರ್ಚಿಯನ್ನೂ ಎಳೆದುಕೊಂಡು ಬಂದು ಏಳನೆಯವರಾಗಿ ಕೂತರು. “ಹತ್ತು ಆಗಿತ್ತಲ್ಲೋ! ಎಣಿಸೋಕೂ ಬರಲ್ವಾ ಆ ಆಫೀಸಿನೋರಿಗೆ?” ಎಂದು ಬೈಯುತ್ತ, ಬೈಯುತ್ತಲೇ ಅಕ್ಕನ ಪಕ್ಕದಲ್ಲಿ ನಿದ್ದೆ ಹೋದರು.

ಆಫೀಸಿನವರು ಸರಿಯಾಗಿಯೇ ಎಣಿಸಿದ್ದರೆಂದು ಅವನು ಅವರಿಗೆ ಎಂದೂ ಹೇಳಲಿಲ್ಲ.